ಉಲಿಯಕ್ಕಿಯ ಕಾವಲುಗಾರ

ನಾನು ಏಳನೇ ಕ್ಲಾಸು ಬಿಟ್ಟು ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಒಂದು ಸೋಮವಾರ. ಆಮೇಲೆ ಮಾಡದ ಕೆಲಸವಿಲ್ಲ. ಈ ಚಳಿಗಾಲದಲ್ಲಿ ಹಕ್ಕಿ ಉಳಿಸುವವರೊಬ್ಬರು ಕೂಡ್ಲಿಗಿ ಹತ್ತಿರದ ಗೋಮಾಳದಲ್ಲಿ ನನ್ನನ್ನು ಒಂದು ಹಕ್ಕಿಯ ಕಾವಲಿಗಿಟ್ಟರು. ಎತ್ತರದ ಹುಲ್ಲಿನಲ್ಲಷ್ಟೇ ಬದುಕುವ ಪುಟ್ಟ ಉಲಿಯಕ್ಕಿ ಅದು, ವರ್ಷವರ್ಷಕ್ಕೂ ಕಡಿಮೆಯಾಗುತ್ತಿದೆಯಂತೆ. ನಾನು ಬಂದ ಮೂರು ದಿನವೂ ಅದು ಕಾಣಲಿಲ್ಲ. ‘ಭಾರಿ ನಾಚಿಕೆಯ ಹಕ್ಕಿ’ ಎಂದು ಬರೆದಿಟ್ಟೆ.

ನಾಲ್ಕನೇ ದಿನ ಕುರಿ ಮೇಯಿಸುವ ಮುದುಕಿಯೊಬ್ಬಳು ಬಂದಳು.

“ಯವ್ವಾ, ಕುರಿ ಆ ಕಡಿ ಹೊಡ್ಕೊಂಡು ಹೋಗ್ರಿ. ಹುಲ್ಲು ಹಾಳಾದ್ರ ಹಕ್ಕಿ ಬಿಟ್ಟು ಹೋಗತೈತಿ.”

ಆಕೆ ನನ್ನ ಕಾಲ ಕೆಳಗೆ ನೋಡಿದಳು. “ನನ್ನ ಕುರಿ ಕುಡಿ ಕಡ್ಕೊಂಡು ಮುಂದ ಹೋಗ್ತಾವ. ನೀ ಎಮ್ಮಿ ಹಂಗ ಒಂದ ಕಡಿ ಬಿದ್ದು ಹೊಳ್ಳಾಡೀಯಲ್ಲೋ ತಮ್ಮಾ! ಮೊದಲ ನಿನ್ನ ಹೊಡೀಬೇಕು ಆ ಕಡಿ.”

ತಿರುಗಿ ನೋಡಿದೆ. ಮೂರು ದಿನ ನಾನು ಕೂತು ಹೊರಳಿದ ಜಾಗದ ಹುಲ್ಲೆಲ್ಲ ಕಣದಂತೆ ಸಪಾಟಾಗಿತ್ತು.

ಈಗ ಚೀಲ ಕಟ್ಟುತ್ತಿದ್ದೇನೆ. ಕಾವಲುಗಾರ ದೂರ ಹೋದಷ್ಟೂ ಚೆನ್ನಾಗಿ ನಡೆಯುವ ಕೆಲಸ ಬೇರೆಲ್ಲಾದರೂ ಇದ್ದರೆ ಹೇಳಿ, ಬರುತ್ತೇನೆ.