ಭಾನುವಾರದಿಂದ ಬುಧವಾರದವರೆಗೆ

ಅಮೆರಿಕದ ಇತಿಹಾಸ ಕಲಿಸುವುದು ನನ್ನ ಹೊಟ್ಟೆಪಾಡು, ಆದರೆ ನಾನು ಅಮೆರಿಕ ನೋಡಿಲ್ಲ. ಮಲೇಷ್ಯಾದ ಸುಬಾಂಗ್ ಜಯಾದ ಒಂದು ಖಾಸಗಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಉಳಿದೆರಡು ವರ್ಷಕ್ಕೆ ಅಮೆರಿಕಕ್ಕೆ ಹೋಗುವ ಮಕ್ಕಳು ನನ್ನ ವಿದ್ಯಾರ್ಥಿಗಳು. ಹೋಗುವ ದೇಶದ ಚರಿತ್ರೆಯನ್ನು ಒಂದು ಪೇಪರಿನಷ್ಟಾದರೂ ಓದಿರಬೇಕೆಂಬ ನಿಯಮವಿದೆ. ಆ ಪೇಪರ್ ಮೈಸೂರಿನಲ್ಲಿ ಎಂ.ಎ. ಮಾಡಿದ ನನ್ನ ಪಾಲಿಗೆ ಬಂದಿದೆ. ಮಕ್ಕಳಿಗೆ ವೀಸಾ ಸಿಗುತ್ತದೆ, ನನಗೆ ಸ್ಲೈಡು ಸಿಗುತ್ತದೆ.

ಪ್ರತಿ ಸೆಮಿಸ್ಟರಿನ ಮೂರನೆಯ ವಾರ ರೋಗದ ಪಾಠ ಬರುತ್ತದೆ. ಸ್ಪೇನಿನ ಹಡಗುಗಳು ಕುದುರೆ, ಕಬ್ಬಿಣ, ಶಿಲುಬೆಗಳ ಜೊತೆಗೆ ಸಿಡುಬನ್ನೂ ಇಳಿಸಿದವು. ಮೊದಲು ದ್ವೀಪಗಳ ಜನ ಸತ್ತರು, ಆಮೇಲೆ ಮೆಕ್ಸಿಕೋದ ಸರೋವರದ ನಡುವೆ ಇದ್ದ ದೊಡ್ಡ ನಗರದ ಜನ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದರಿಂದ ಬಾಯಿಗೆ ನೀರು ಬಿಡುವವರಿಲ್ಲದೆಯೇ ಎಷ್ಟೋ ಜನ ಹೋದರು. ಈ ಮಾತು ಹೇಳುವಾಗ ಕ್ಲಾಸಿನಲ್ಲಿ ಫೋನು ನೋಡುವವರೂ ತಲೆಯೆತ್ತುತ್ತಾರೆ. ಅದು ನನಗೆ ಗೊತ್ತು, ಆದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಿಸಿ ನೀರು ಕುಡಿಯುತ್ತೇನೆ. ಮೇಷ್ಟ್ರುಗಳಿಗೆ ಇಂಥ ನಾಟಕಗಳು ರಕ್ತದಲ್ಲೇ ಇರುತ್ತವೆ.

ಈ ಸಲ ಆ ವಾರಕ್ಕೆ ಹಿಂದಿನ ಶನಿವಾರ ನಮ್ಮ ಮನೆಯಲ್ಲಿ ಒಂದು ಸೀಮಂತ ಮಾಡಿದೆವು. ಬಸುರಿ ನನ್ನ ಸಂಬಂಧಿಯಲ್ಲ. ನಮ್ಮದೇ ಅಪಾರ್ಟ್‌ಮೆಂಟಿನ ಪಕ್ಕದ ಬ್ಲಾಕಿನ ಧಾರವಾಡದ ಹುಡುಗಿ. ಇಲ್ಲಿಗೆ ಬಂದ ಮೊದಲ ದಿನದಿಂದ ನನ್ನನ್ನು ಅಕ್ಕಾ ಎನ್ನುತ್ತಿದ್ದವಳು. ಅವಳ ತಾಯಿಗೆ ಮಂಡಿಯ ಆಪರೇಷನ್ ಆಗಿ ಬರಲಾಗಿರಲಿಲ್ಲ. ಅವರ ಕಡೆ ಅದನ್ನು ಕುಬಸ ಎನ್ನುತ್ತಾರೆ, ಹಸಿರು ಸೀರೆ ಹಸಿರು ಬಳೆ ಆಗಲೇಬೇಕು. ತವರುಮನೆಯ ಜಾಗದಲ್ಲಿ ನಿಂತು ನಾನೇ ಬಳೆ ತೊಡಿಸಿದೆ. ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದ ಅತ್ತೆ ಆರತಿ ಎತ್ತಿದರು. ಎಂಟು ವರ್ಷದ ನನ್ನ ಮಗಳು ಇಡೀ ಬೆಳಿಗ್ಗೆ ಬಸುರಿಯ ಮಗ್ಗುಲು ಬಿಡಲಿಲ್ಲ. ಅವಳ ಎಲೆಯಿಂದಲೇ ಹೋಳಿಗೆ ತಿಂದಳು. ಮಗು ಒದೆಯುವುದು ಕೇಳಬೇಕೆಂದು ಹೊಟ್ಟೆಗೆ ಕೆನ್ನೆಯೊತ್ತಿ ಎಷ್ಟೋ ಹೊತ್ತು ಹಾಗೆಯೇ ಕೂತಿದ್ದಳು.

ಭಾನುವಾರ ಸಂಜೆ ಸ್ನಾನ ಮಾಡಿಸುವಾಗ ಮಗಳ ಬೆನ್ನಿನ ಮೇಲೆ ನಾಲ್ಕು ಗುಳ್ಳೆ ಕಂಡವು. ಸೊಳ್ಳೆ ಅಂದುಕೊಂಡೆ. ಹೊಟ್ಟೆಯ ಮೇಲೆ ಇನ್ನೂ ಆರು ಇದ್ದವು, ಒಂದೊಂದರ ತುದಿಯಲ್ಲೂ ನೀರು ತುಂಬಿಕೊಂಡಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿದರು, ಮಗಳಿಗೆ ಕೈಮುಗಿದರು. ಅಮ್ಮ ಎದ್ದಿತ್ತು. ಸೀತಾಳೆ ಸಿಡುಬು, ಡಾಕ್ಟರರ ಬಾಯಲ್ಲಿ ಚಿಕನ್‌ಪಾಕ್ಸ್. ನನಗೆ ಚಿಕ್ಕಂದಿನಲ್ಲೇ ಆಗಿಹೋಗಿದೆ, ಹಣೆಯ ಮೇಲೆ ಕಲೆ ಇದೆ. ಮಗಳಿಗೆ ಚುಚ್ಚುಮದ್ದು ಹಾಕಿಸುವುದನ್ನು ಮುಂದೂಡುತ್ತ ಬಂದಿದ್ದೆವು. ಕಡ್ಡಾಯವಲ್ಲವಲ್ಲ ಎಂದು ಬಿಟ್ಟದ್ದು, ಸೋಮಾರಿತನ ಅಷ್ಟೆ.

ನನಗೆ ಮೊದಲು ನೆನಪಾದದ್ದು ಆ ಹೊಟ್ಟೆ, ಅದಕ್ಕೊತ್ತಿದ ಈ ಕೆನ್ನೆ. ಫೋನು ತೆಗೆದುಕೊಂಡು ಓದಿದೆ. ಗುಳ್ಳೆ ಏಳುವ ಎರಡು ದಿನ ಮುಂಚೆಯೇ ಹರಡುತ್ತದೆ. ಬಸುರಿಗೆ ಹಿಂದೆ ಆಗಿರದಿದ್ದರೆ ಅವಳ ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯವಾಗಬಹುದು. ರಕ್ಷಣೆಗೆ ಒಂದು ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು, ಮೊದಲ ನಾಲ್ಕು ದಿನದೊಳಗಾದರೆ ಉತ್ತಮ. ನಾನು ಬಳೆ ತೊಡಿಸಿದ್ದು ಶನಿವಾರ ಹನ್ನೊಂದು ಗಂಟೆಗೆ. ಅಂದರೆ ಬುಧವಾರ ಹನ್ನೊಂದು.

ಅವಳಿಗೆ ಈಗಲೇ ಹೇಳಬೇಕು ಎಂದೆ. ಅತ್ತೆ ನನ್ನ ಕೈಯಿಂದ ಫೋನು ತೆಗೆದು ಫ್ರಿಜ್ಜಿನ ಮೇಲಿಟ್ಟರು.

"ಅಮ್ಮನ ಹೆಸರು ಎತ್ತಬೇಡ. ಕರೆದ ಕಡೆಗೆಲ್ಲ ಹೋಗ್ತಾಳೆ ಅವಳು. ಬಸುರಿ ಕಿವಿಗೆ ಬೀಳೋ ಮಾತಾ ಇದು?"

ಅವರ ಪ್ರಕಾರ ಅಮ್ಮ ಬಂದ ಮನೆಯಿಂದ ಏನೂ ಹೊರಗೆ ಹೋಗಬಾರದು, ಮಾತು ಕೂಡ. ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಬಂದವರನ್ನು ಒಳಗೆ ಕರೆಯಬಾರದು, ಬೇವಿನ ನೀರು ಹಾಕುವವರೆಗೆ ಯಾರಿಗೂ ಸುದ್ದಿ ಕೊಡಬಾರದು. ಪಕ್ಕದ ಮನೆಯ ತಮಿಳು ಹೆಂಗಸಿನಿಂದ ಬೇವಿನ ಸೊಪ್ಪು ತಂದದ್ದು ಮಾತ್ರ ವಿನಾಯಿತಿ, ಯಾಕೆಂದರೆ ಆಕೆ ಯಾಕೆ ಎಂದು ಕೇಳುವ ಪೈಕಿಯಲ್ಲ. ನಾನು ಅತ್ತೆಯೊಂದಿಗೆ ಬೇರೆ ಎಲ್ಲದಕ್ಕೂ ವಾದ ಮಾಡುತ್ತೇನೆ. ಅಂದು ಮಾಡಲಿಲ್ಲ. ಅವರ ಮಾತನ್ನು ನಂಬಿದೆ ಎಂದರೆ ಸುಳ್ಳಾಗುತ್ತದೆ. ಆ ಮಾತು ನನಗೆ ಅನುಕೂಲವಾಗಿ ಒದಗಿತು, ಅಷ್ಟೆ.

ಸೋಮವಾರ ಕ್ಲಿನಿಕ್ಕಿನಲ್ಲಿ ಡಾಕ್ಟರ್ ನೋಡಿದ ತಕ್ಷಣ ಹೇಳಿದರು. ಮನೆಯಲ್ಲಿ ಬಸುರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಮನೆಯಲ್ಲಿ ಇರಲಿಲ್ಲ, ನಿಜ. ಆ ಹುಡುಗಿಗೆ ಚಿಕ್ಕಂದಿನಲ್ಲಿ ಆಗಿಯೇ ಇರುತ್ತದೆ, ಊರಲ್ಲಿ ಯಾರಿಗೆ ತಾನೇ ಆಗಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಗಂಡ ಸೈಬರ್‌ಜಯಾದ ಆಫೀಸಿನಿಂದ ಬಂದಾಗ ಅವರ ಮೇಲೆ ಹಾಕಿದೆ, ನೀವೇ ಅವಳ ಗಂಡನಿಗೆ ಒಂದು ಮಾತು ಹೇಳಿ ಎಂದು. ನಿನ್ನ ಫ್ರೆಂಡು, ನೀನೇ ಹೇಳು ಎಂದರು. ಅಲ್ಲಿಗೆ ಸೋಮವಾರ ಮುಗಿಯಿತು.

ಮಂಗಳವಾರ ನನ್ನ ಕ್ಲಾಸು. ರೋಗದ ಪಾಠ. ಅಂದು ನೀರಿನ ಮಾತು ಬಂದಾಗ ನಾನು ನಿಲ್ಲಿಸಲಿಲ್ಲ, ಓಡಿಸಿಕೊಂಡು ಹೋದೆ. ಉತ್ತರ ತೀರದಲ್ಲಿ ಇಳಿದ ಇಂಗ್ಲಿಷರ ಕತೆಗೆ ಬಂದೆ. ಅವರು ಬರುವ ಮೊದಲೇ ಅಲ್ಲಿಗೆ ರೋಗ ಬಂದು ಹೋಗಿತ್ತು. ಹಳ್ಳಿಗಳು ಖಾಲಿಯಾಗಿದ್ದವು, ಹೊಲಗಳು ಹದವಾಗಿದ್ದವು, ನೆಲದಲ್ಲಿ ಹೂತಿಟ್ಟ ಮುಸುಕಿನ ಜೋಳ ಹಾಗೇ ಇತ್ತು. ಅದನ್ನು ಅಗೆದು ತಿಂದು ಮೊದಲ ಚಳಿಗಾಲ ಕಳೆದರು. ಪ್ರತಿ ವರ್ಷ ಹೇಳುವ ಹಾಗೆ, ರೋಗಾಣು ಎಂಬುದೊಂದು ಇದೆ ಎಂದೇ ಆ ಕಾಲದಲ್ಲಿ ಗೊತ್ತಿರಲಿಲ್ಲ, ಅವರನ್ನು ಇಂದಿನ ಕಣ್ಣಿನಿಂದ ಅಳೆಯಬಾರದು ಎಂದೆ.

ಮುಂದಿನ ಸಾಲಿನಲ್ಲಿ ಕೂರುವ ಪೆನಾಂಗಿನ ಹುಡುಗಿ ಕೈಯೆತ್ತಿದಳು. ಹೇಗೆ ಎಂಬುದು ಗೊತ್ತಿರಲಿಲ್ಲ ಸರಿ, ಆದರೆ ತಾವು ಹೋದ ಕಡೆಯೆಲ್ಲ ಜನ ಸಾಯುತ್ತಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತಿತ್ತಲ್ಲ, ಕಂಡ ಮೇಲೆ ಏನು ಮಾಡಿದರು ಎಂದು ಕೇಳಿದಳು.

ಕೆಲವು ಪಾದ್ರಿಗಳು ಶುಶ್ರೂಷೆ ಮಾಡಿದರು, ಕೆಲವರು ನಮಗಾಗಿ ದೇವರೇ ಜಾಗ ತೆರವು ಮಾಡಿಕೊಟ್ಟ ಎಂದು ಬರೆದಿಟ್ಟರು, ಬಹುತೇಕರು ತಮ್ಮ ಪಾಡಿಗೆ ತಮ್ಮ ಕೆಲಸ ಮುಂದುವರಿಸಿದರು ಎಂದೆ. ಹೇಳಿ ಮುಂದಿನ ಸ್ಲೈಡಿಗೆ ಹೋದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನನ್ನಂಥವರನ್ನು ನೋಡಿಯೇ ಯಾರೋ ಅಂದಿರಬೇಕು.

ಮನೆಗೆ ಹೋಗುವಾಗ ಎಲ್‌ಆರ್‌ಟಿ ಸ್ಟೇಷನ್ನಿನಲ್ಲಿ ಅವಳ ನಂಬರು ತೆಗೆದೆ. ಎರಡು ರೈಲು ಬಿಟ್ಟೆ. ಒತ್ತಲಿಲ್ಲ. ಭಾನುವಾರವೇ ಹೇಳಿದ್ದರೆ ಕೆಟ್ಟ ಸುದ್ದಿಯೊಂದನ್ನೇ ಹೇಳಿದರೆ ಸಾಕಿತ್ತು. ಮಂಗಳವಾರ ಹೇಳುವುದಾದರೆ ಎರಡು ದಿನ ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಿತ್ತು. ನನಗೆ ಭಯವಾಗಿತ್ತು. ಅವಳಿಗೆ, ಅವಳ ಮಗುವಿಗೆ ಏನಾದರೂ ಆದೀತೆಂಬ ಭಯ ಒಂದು. ಅವಳ ಕಣ್ಣಲ್ಲಿ ನಾನು ಏನಾದೇನು ಎಂಬ ಭಯ ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವಳಿಂದ ವಾಟ್ಸಾಪ್ ಬಂತು. ಫೋಟೋಗಳು. ತಡವಾದದ್ದಕ್ಕೆ ಸಾರಿ, ಗಂಡ ಈಗ ಕಳಿಸಿದರು ಎಂದು ಬರೆದಿದ್ದಳು. ಮೂರನೆಯ ಫೋಟೋದಲ್ಲಿ ನನ್ನ ಮಗಳು ಹಸಿರು ಸೀರೆಯ ಹೊಟ್ಟೆಗೆ ಮುಖವಿಟ್ಟು ಕಣ್ಣು ಮುಚ್ಚಿದ್ದಾಳೆ. ಅವಳ ಕೈ ನನ್ನ ಮಗಳ ತಲೆಯ ಮೇಲಿದೆ. ಅತ್ತೆ ಪೂಜೆಗೆ ಕೂತಿದ್ದಾಗಲೇ ಬಾಲ್ಕನಿಗೆ ಹೋಗಿ ಫೋನು ಮಾಡಿದೆ. ಎಲ್ಲ ಹೇಳಿದೆ. ಮಗಳಿಗೆ ಏನಾಗಿದೆ, ನಿನಗೆ ಏನಾಗಬಹುದು, ಇಂಜೆಕ್ಷನ್ ಇದೆ, ಈಗಲೇ ಹೊರಡು ಎಂದೆ.

"ನಿಮಗ ಯಾವಾಗ ಗೊತ್ತಾತ್ರಿ ಅಕ್ಕಾ?"

"ಈಗ ಬೆಳಿಗ್ಗೆ," ಎಂದೆ.

ಅಷ್ಟು ಸಲೀಸಾಗಿ ಬಂತು ಸುಳ್ಳು. ಅವಳು ನನ್ನನ್ನೇ ಸಮಾಧಾನ ಮಾಡಿದಳು, ನೀವು ಅಳಬ್ಯಾಡ್ರಿ ಅಂದಳು. ಧಾರವಾಡಕ್ಕೆ ಫೋನು ಮಾಡಿ ತಾಯಿಯನ್ನು ಕೇಳಿದಾಗ ಚಿಕ್ಕಂದಿನಲ್ಲಿ ಅವಳಿಗೆ ಆಗಿಲ್ಲ, ಒಡಹುಟ್ಟಿದ ಅಕ್ಕನಿಗೆ ಮಾತ್ರ ಆಗಿತ್ತು ಎಂಬುದು ಗೊತ್ತಾಯಿತು. ರಕ್ತಪರೀಕ್ಷೆಯೂ ಹಾಗೇ ಹೇಳಿತು. ಇಂಜೆಕ್ಷನ್ ಅವಳ ಆಸ್ಪತ್ರೆಯಲ್ಲಿ ಇರಲಿಲ್ಲ. ಕೌಲಾಲಂಪುರದ ಇನ್ನೊಂದು ಕಡೆಯಿಂದ ತರಿಸುವಾಗ ಗುರುವಾರ ಸಂಜೆಯಾಯಿತು. ತಡವಾದರೂ ಪ್ರಯೋಜನ ಇದ್ದೇ ಇದೆ, ಇನ್ನೆರಡು ದಿನ ಮುಂಚೆ ಬಂದಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಡಾಕ್ಟರು ಅಂದರಂತೆ. ಇದನ್ನು ಅವಳೇ ನನಗೆ ಫೋನು ಮಾಡಿ ಹೇಳಿದಳು. ನಿಮಗೂ ಗೊತ್ತಿರಲಿಲ್ಲಲ್ಲ, ಯಾರೇನು ಮಾಡಲಿಕ್ಕಾಗ್ತದ ಎಂದೂ ಸೇರಿಸಿದಳು.

ಆಮೇಲೆ ಕಾಯುವುದು. ಮಗಳ ಗುಳ್ಳೆ ಒಣಗಿ ಬೇವಿನ ನೀರು ಹಾಕಿ ಅವಳು ಶಾಲೆಗೂ ಹೋದಳು, ನಾನು ಮಾತ್ರ ಫೋನಿನ ಪ್ರತಿ ಸದ್ದಿಗೂ ಬೆಚ್ಚುತ್ತಿದ್ದೆ. ಸ್ಟವ್ ಮೇಲೆ ಹಾಲಿಟ್ಟು ಮರೆತು ಮೂರು ಸಲ ಉಕ್ಕಿಸಿದೆ. ಸೀಮಂತವಾದ ಹದಿನೇಳನೆಯ ದಿನ ಆ ಬಸುರಿ ಹುಡುಗಿಯ ಕತ್ತಿನಲ್ಲಿ ಗುಳ್ಳೆ ಕಂಡವು. ಹತ್ತೊಂಬತ್ತನೆಯ ದಿನ ಜ್ವರ ಏರಿ, ಕೆಮ್ಮು ಹಿಡಿದು, ಆಸ್ಪತ್ರೆಗೆ ಸೇರಿಸಿದರು. ಅವಳ ಗಂಡ ಕಳಿಸಿದ ಮೆಸೇಜಿನಲ್ಲಿ ಆಕ್ಸಿಜನ್ ಎಂಬ ಪದ ಓದಿ ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ. ಅತ್ತೆ ಹತ್ತಿರ ಬಂದು ಬೆನ್ನು ನೀವಿದರು. ಅವರೂ ಹೆದರಿದ್ದರು. ತಾಯೀ, ಎರಡು ಜೀವ ಕಾಪಾಡು ಎಂದು ಗೊಣಗುತ್ತಿದ್ದರು, ನನ್ನ ಮುಖ ಮಾತ್ರ ನೋಡಲಿಲ್ಲ.

ಆರು ದಿನ. ಐಸೊಲೇಷನ್ ವಾರ್ಡಿಗೆ ನಮ್ಮನ್ನು ಬಿಡುತ್ತಿರಲಿಲ್ಲ. ದಿನಾ ಗಂಜಿ ಮಾಡಿ ರಿಸೆಪ್ಷನ್ನಿನಲ್ಲಿ ಕೊಟ್ಟು ಬರುತ್ತಿದ್ದೆ, ಅವಳು ಕುಡಿದಳೋ ಇಲ್ಲವೋ ದೇವರಿಗೇ ಗೊತ್ತು. ಏಳನೆಯ ದಿನ ಆಕ್ಸಿಜನ್ ತೆಗೆದರು. ಮಗುವಿನ ಎದೆಬಡಿತ ಸರಿಯಾಗಿದೆ ಎಂದರು. ಎರಡು ತಿಂಗಳು ಕಳೆದು ಹೆಣ್ಣುಮಗು ಹುಟ್ಟಿತು. ಕೈಕಾಲು, ಕಣ್ಣು ಎಲ್ಲ ನೆಟ್ಟಗಿದೆ ಎಂದು ಗೊತ್ತಾದಾಗ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ನಾನು ಅತ್ತುಬಿಟ್ಟೆ. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎನ್ನುವಂತೆ ಅವಳು ಎದುರಿಗೆ ಬಂದಾಗಲೆಲ್ಲ ಏನೋ ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದೆ, ಅಷ್ಟೆ.

ನಾಮಕರಣಕ್ಕೆ ಅವಳ ತಾಯಿ ಕೋಲೂರಿಕೊಂಡು ಧಾರವಾಡದಿಂದ ಬಂದರು. ಅವರ ಕಡೆ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹೇಳುವಾಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗಂಡನ ತಂಗಿಗೆ ಬರಲಾಗಿರಲಿಲ್ಲ. ನನ್ನನ್ನು ತೋರಿಸಿ, ಈ ಅಕ್ಕನೇ ಅತ್ತೆ ಆಗಲಿ ಎಂದು ಇವಳು ಹಟ ಹಿಡಿದಳು. ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿದೆ. ಗುದ್ದುಗಳು ಬಿದ್ದವು, ನಗು ಎದ್ದಿತು. ಇನ್ನೂ ಜೋರಾಗಿ ಹೊಡೆಯಬಾರದೇ ಎನ್ನಿಸಿತು ನನಗೆ. ಆಮೇಲೆ ಅವಳು ಮಗುವಿಗೆ ಹಾಲು ಕುಡಿಸಿ, ತೇಗಿಸಿ, ನನ್ನ ಮಡಿಲಿಗೆ ಹಾಕಿ ಬಂದವರಿಗೆ ತಾಂಬೂಲ ಕೊಡಲು ಹೋದಳು.

ಅವಳ ತಾಯಿ ನನ್ನ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ಗೊತ್ತಾದ ತಕ್ಷಣ ಫೋನ್ ಮಾಡಿದ ತಾಯಿ ನೀವು, ನಿಮ್ಮಿಂದ ನನ್ನ ಮಗಳು ಉಳಿದಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಮಗುವಿನ ಟೊಪ್ಪಿಗೆ ಸರಿಮಾಡಿದೆ. ಅವರು ನನ್ನ ಮಗಳನ್ನು ಹತ್ತಿರ ಕರೆದು, ಕೆನ್ನೆಯ ಮೇಲಿನ ಕಲೆ ಸವರಿ, "ಯಾವಾಗ ಎದ್ದಿತ್ತವ್ವಾ ನಿನಗ ಇದು?" ಎಂದು ಮುದ್ದಿನಿಂದ ಕೇಳಿದರು.

ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಸಂಡೇ, ಅಜ್ಜಿ," ಎಂದಳು. "ದಿ ಡೇ ಆಫ್ಟರ್ ದಿ ಬ್ಯಾಂಗಲ್ ಪಾರ್ಟಿ. ಮಂಡೇ ವಿ ವೆಂಟ್ ಟು ದಿ ಡಾಕ್ಟರ್, ಐ ಮಿಸ್ಡ್ ಸ್ವಿಮ್ಮಿಂಗ್."

ಅಜ್ಜಿಗೆ ಅರ್ಥವಾಗಲಿಲ್ಲ. ಏನಂತು ಕೂಸು ಎಂದು ನಗುತ್ತ ತಮ್ಮ ಮಗಳತ್ತ ತಿರುಗಿದರು. ಅವಳು ತಾಂಬೂಲದ ತಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ಆಚೆ ನಿಂತಿದ್ದಳು. ನನ್ನನ್ನು ನೋಡಿದಳು. ಬುಧವಾರದಿಂದ ಭಾನುವಾರದವರೆಗೆ ಹಿಂದಕ್ಕೆ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅವಳು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಬಂದು ಎರಡೂ ಕೈ ಚಾಚಿದಳು.

"ಕೊಡ್ರಿ. ಕೂಸಿಗೆ ಹಸಿವಾಗೇದ."

ಮಡಿಲಲ್ಲಿ ಮಗು ಹೊಟ್ಟೆ ತುಂಬಿ ಗಾಢವಾಗಿ ನಿದ್ದೆ ಮಾಡುತ್ತಿತ್ತು. ಎತ್ತಿ ಅವಳ ಕೈಗೆ ಕೊಟ್ಟೆ.