ಎರಡು ಬಕೆಟ್ ಪುಣ್ಯ

ಹೋದ ವಾರ ನಾನೊಂದು ಹಸುವನ್ನು ಕೊಂದೇಬಿಡುತ್ತಿದ್ದೆ. ಅದೂ ಪುಣ್ಯ ಬರಲಿ ಅಂತ.

ಗಾಬರಿಯಾಗಬೇಡಿ, ಪೂರ್ತಿ ಕೇಳಿ. ಭಾನುವಾರ ನಮ್ಮನೆಯವರ ಎಪ್ಪತ್ತರ ಶಾಂತಿ. ಮೂಡಲಪಾಳ್ಯದ ನಮ್ಮ ಮನೆಯ ಟೆರೇಸ್ ಮೇಲೇ ಶಾಮಿಯಾನ ಹಾಕಿಸಿ ಊಟ ಇಟ್ಟುಕೊಂಡಿದ್ದೆವು. ನೂರು ಜನ ಬರುತ್ತಾರೆ ಅಂದುಕೊಂಡರೆ ಬಂದವರು ಅರವತ್ತು. (ವಾಟ್ಸಾಪ್‌ನಲ್ಲಿ ಕೈಮುಗಿಯುವ ಇಮೋಜಿ ಕಳಿಸುವುದಕ್ಕೂ ಊಟಕ್ಕೆ ಬರುವುದಕ್ಕೂ ಯಾವ ಸಂಬಂಧವೂ ಇಲ್ಲ, ತಿಳಿದಿರಲಿ.) ಎರಡು ಬಕೆಟ್ ಅನ್ನ, ಒಂದಷ್ಟು ಹೆಸರುಬೇಳೆ ಪಾಯಸ ಉಳಿಯಿತು. ಚೆಲ್ಲುವುದಾ? ಛೆ! ಹಿಂದಿನ ರಸ್ತೆಯಲ್ಲಿ ಜಯಮ್ಮನ ಹಸು ಇದೆಯಲ್ಲ!

ಜಯಮ್ಮ ಹತ್ತೊಂಬತ್ತು ವರ್ಷದಿಂದ ನಮಗೆ ಹಾಲು ಹಾಕುವಾಕೆ. ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡಿರುವ ಒಂದು ಶೀಟಿನ ಕೊಟ್ಟಿಗೆ, ಅದರಲ್ಲಿ ಎರಡು ಹಸು. ಸದ್ಯಕ್ಕೆ ಹಾಲು ಕೊಡುತ್ತಿರುವುದು ಚುಕ್ಕಿ ಒಂದೇ. ಗಂಡ ತೀರಿಕೊಂಡ ಮೇಲೆ ಆಕೆಯ ಮನೆ ನಡೆಯುತ್ತಿರುವುದು ಆ ಹಾಲಿನಿಂದಲೇ.

“ಅಲ್ಲೇ ಇಟ್ಟೋಗಿ ಟೀಚರಮ್ಮ, ಆಮೇಲೆ ನಾನೇ ಹಾಕ್ತೀನಿ” ಅಂದಳು ಜಯಮ್ಮ.

“ಬೇಡ ಬೇಡ, ಇವತ್ತು ನಮ್ಮ ಕೈಯಾರೆ ತಿನ್ನಿಸ್ಬೇಕು” ಅಂದೆ.

ಎರಡೂ ಬಕೆಟ್ ಗೋದಲಿಗೆ ಸುರಿದು, ಮೇಲೆ ಪಾಯಸ ಹೊಯ್ದೆ. ಚುಕ್ಕಿ ಗಬಗಬ ತಿಂದಿತು. ನಮ್ಮನೆಯವರು ಅದರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಮಾರನೇ ದಿನ ಬೆಳಿಗ್ಗೆ ಹಾಲು ಬರಲಿಲ್ಲ. ಫೋನ್ ಮಾಡಿದರೆ ಜಯಮ್ಮ ಎತ್ತಲಿಲ್ಲ. ಹೋಗಿ ನೋಡಿದರೆ ಚುಕ್ಕಿ ನೆಲಕ್ಕೆ ಬಿದ್ದಿದೆ. ಹೊಟ್ಟೆ ಉಬ್ಬಿದೆ, ಹಲ್ಲು ಕಡಿಯುತ್ತಿದೆ. ಪಕ್ಕದಲ್ಲಿ ಮಂಡಿಯೂರಿ ಕೂತಿದ್ದವರು ಪಶುವೈದ್ಯ ಕಾಲೇಜಿನ ಒಬ್ಬ ಡಾಕ್ಟರ್. ವಯಸ್ಸಿನಲ್ಲಿ ನನ್ನ ಮಗಳಂತಿದ್ದ ಹೆಣ್ಣುಮಗಳು. ಹಸು ಸಾಕುವವರಿಗೆ ತರಬೇತಿ ಕೊಡುವುದು ಅವರ ಕೆಲಸವಂತೆ.

“ಏನು ಹಾಕಿದ್ರಿ?” ಅಂತ ಅವರು ಕೇಳಿದಾಗ ಜಯಮ್ಮ ನನ್ನ ಮುಖ ನೋಡಿದಳು. ನಾನೇ ಒಪ್ಪಿಕೊಂಡೆ.

“ಬೆಂದ ಅನ್ನ ಜಾಸ್ತಿಯಾದ್ರೆ ಹಸು ಹೊಟ್ಟೇಲಿ ಹುಳಿ ಆಗ್ಬಿಡುತ್ತೆ ಮೇಡಂ. ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳೆಲ್ಲ ಸತ್ತೋಗ್ತವೆ. ಹಬ್ಬದ ಮಾರನೇ ದಿನ ನಮಗೆ ಇಂಥ ಕೇಸ್ ಬಂದೇ ಬರುತ್ತೆ” ಅಂದರು ಡಾಕ್ಟರ್.

ವಿಜಯನಗರದ ಸ್ಕೂಲೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಹಸುವಿನ ಹೊಟ್ಟೆಯ ನಾಲ್ಕು ಭಾಗಗಳನ್ನು ಕಣ್ಣು ಮುಚ್ಚಿಕೊಂಡು ಬೋರ್ಡ್ ಮೇಲೆ ಬರೆಯುತ್ತಿದ್ದೆ. ಏನು ಬಂತು ಪ್ರಯೋಜನ?

ಡ್ರಿಪ್ ಹಾಕಿದರು. ಕೊಳವೆ ಇಳಿಸಿ ಹೊಟ್ಟೆ ತೊಳೆದರು, ಅಡುಗೆ ಸೋಡಾ ಕಲಸಿದ ನೀರು ಬಿಟ್ಟರು. ಆಮೇಲೆ ಪಕ್ಕದ ಹಸುವಿನ ಹೊಟ್ಟೆಯಿಂದ ಒಂದಿಷ್ಟು ದ್ರವ ತೆಗೆದು ಚುಕ್ಕಿಗೆ ಕುಡಿಸಿದರು. ಸತ್ತ ಸೂಕ್ಷ್ಮಜೀವಿಗಳ ಜಾಗಕ್ಕೆ ಹೊಸವು ಬರಲಿ ಅಂತ. “ಇನ್ನು ಮೆಲುಕು ಹಾಕಿದ್ರೆ ಉಳೀತು ಅನ್ಕೊಳ್ಳಿ” ಅಂದರು.

ಸೋಮವಾರ ಮೆಲುಕು ಹಾಕಲಿಲ್ಲ. ಮಂಗಳವಾರವೂ ಇಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಆ ಬಾಯನ್ನೇ ನೋಡುತ್ತಾ ಕೂರುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಅನ್ನ ಸೇರುತ್ತಿರಲಿಲ್ಲ.

ಹಾಗೆ ಕೂತಿದ್ದಾಗಲೇ ಗೋದಲಿಯ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ಅಲ್ಲೊಂದು ಚಾರ್ಟ್. ಹಸುವಿನ ಚಿತ್ರ, ಸುತ್ತ ಅನ್ನ, ಪಾಯಸ, ಹೋಳಿಗೆ. ಒಂದೊಂದರ ಮೇಲೂ ಕೆಂಪು ಅಡ್ಡಗೆರೆ.

“ಇದು ಯಾವಾಗಿಂದ ಇದೆ ಜಯಮ್ಮ?”

“ಎರಡು ವರ್ಷ ಆಯ್ತು. ಟ್ರೈನಿಂಗ್‌ಗೆ ಹೋದಾಗ ಕೊಟ್ರು.”

ನನಗೆ ರೇಗಿಹೋಯಿತು. “ಹಾಗಾದ್ರೆ ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲ, ಬೇಡ ಅನ್ನೋಕೇನು?”

ಜಯಮ್ಮ ಚುಕ್ಕಿಯ ಕೊರಳ ಕೆಳಗಿನ ಗಂಗೆದೊಗಲು ಸವರುತ್ತಲೇ ಹೇಳಿದಳು: “ಅದಕ್ಕೇ ಅಲ್ವಾ ಇಟ್ಟೋಗಿ ಅಂದಿದ್ದು? ಎಲ್ರಿಗೂ ಹಂಗೇ ಹೇಳಿ, ಅವರು ಹೋದ್ಮೇಲೆ ಚೆಲ್ಲಿಬಿಡ್ತೀನಿ. ಬೇಡ ಅಂದ್ರೆ ಶುಭದ ದಿನ ಅಪಶಕುನ ನುಡಿದ್ಲು ಅಂತೀರ. ಒಬ್ರು ಹಂಗೇ ಮುನಿಸ್ಕೊಂಡು ಹಾಲೇ ನಿಲ್ಲಿಸಿದ್ರು. ಅದ್ರಲ್ಲೂ ನೀವು ಟೀಚರು. ನಿಮಗೆ ನಾನು ಹೇಳೋದಾ?”

ಸಿಟ್ಟು ಜರ್ರನೆ ಇಳಿಯಿತು.

ಸಂಶೋಧನೆ ರೈತರನ್ನು ತಲುಪುತ್ತಿಲ್ಲ ಅಂತ ನಾವು ಟಿವಿ ಮುಂದೆ ಕೂತು ದೂರುತ್ತೇವೆ. ಇಲ್ಲಿ ತಲುಪಿತ್ತಲ್ಲ ಸ್ವಾಮಿ! ಗೋಡೆ ಮೇಲೆ ಅಂಟಿಕೊಂಡೇ ಇತ್ತು. ಡಾಕ್ಟರ್ ಮತ್ತೆ ನೋಡಲು ಬಂದಾಗ ಹೇಳಿದರು, ಕೆರೆಯಲ್ಲಿ ಮೀನು ಸಾಕುವವರದೂ ಇದೇ ಗೋಳಂತೆ. ಎಷ್ಟು ಆಹಾರ ಹಾಕಬೇಕು ಅಂತ ಅವರಿಗೆ ಅಳೆದು ಹೇಳಿಕೊಟ್ಟಿರುತ್ತಾರೆ. ವಾಕಿಂಗ್ ಬರುವ ನಾವು ಬ್ರೆಡ್, ಕಡಲೆಪುರಿ ಸುರಿದು ನೀರು ಕೆಡಿಸುತ್ತೇವೆ. “ಸಾಕೋರಿಗೆ ಹೇಳ್ಬಹುದು ಮೇಡಂ, ತಿನ್ನಿಸೋರಿಗೆ ಯಾರು ಹೇಳ್ತಾರೆ?” ಅಂದರು ಡಾಕ್ಟರ್.

ಬುಧವಾರ ಮಧ್ಯಾಹ್ನ ಚುಕ್ಕಿಯ ದವಡೆ ನಿಧಾನಕ್ಕೆ ಆಡಿತು. ಒಂದು ಸಲ, ಇನ್ನೊಂದು ಸಲ. ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ. ಹಾಲು ಮೊದಲಿನಷ್ಟಾಗಲು ಇನ್ನೂ ದಿನ ಬೇಕು.

“ಇನ್ಮೇಲೆ ನಾನು ಏನಾದ್ರೂ ತಂದ್ರೆ ಮುಖದ ಮೇಲೆ ಹೇಳ್ಬಿಡು” ಅಂದೆ.

“ಹೇಳ್ತೀನಿ ಬಿಡಿ” ಅಂತ ನಕ್ಕಳು.

ಹತ್ತೊಂಬತ್ತು ವರ್ಷ ಆಕೆಯ ಹಾಲು ಕುಡಿದಿದ್ದೇನೆ. ನನ್ನ ಎದುರು ನಿಂತು ‘ಬೇಡ’ ಅನ್ನುವ ಧೈರ್ಯ ಆಕೆಗೆ ಬರಲು ಹಸು ಸಾಯುವಂತಾಗಬೇಕಿತ್ತೇ?