ಉಪ್ಪು ತಿಂದ ಗೋಡೆ

ಲಾತಿರ್ ಮೇಸ್ತ್ರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಡಲದಂಡೆಯ ನಮ್ಮ ತ್ಯಾರೋಯ್‌ನಲ್ಲಿ ಯಾರ ಮನೆಯ ಗೋಡೆ ಬೆವರಿದರೂ ಅವನಿಗೇ ಕರೆ ಹೋಗುತ್ತಿತ್ತು. ಬಂದವನೇ ಗೋಡೆಗೆ ಬೆರಳೊತ್ತಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದ. ಸಪ್ಪೆಯಾಗಿದ್ದರೆ ಮೇಲಿನಿಂದ ಸೋರಿದ ಮಳೆ, ಮಾಳಿಗೆಯ ಬಿರುಕು ನೋಡಿ. ಸೋಪಿನ ವಾಸನೆಯಿದ್ದರೆ ಬಚ್ಚಲಿನ ಪೈಪು. ಉಪ್ಪಾಗಿದ್ದರೆ ಮಾತ್ರ ಅವನು ಬೇರೆ ಮಾತೆತ್ತುತ್ತಿದ್ದ. ಅವನ ಸಲಹೆಯನ್ನು ಜನ ಪಾಲಿಸುತ್ತಿದ್ದರೆಂದು ತಿಳಿಯಬೇಡಿ. ಒದ್ದೆ ಗೋಡೆಗೆ ಎಣ್ಣೆಬಣ್ಣ ಬಳಿಯಬೇಡಿ ಎಂದರೆ ಅದನ್ನೇ ಬಳಿಯುತ್ತಿದ್ದರು. ಟೈಲ್ಸ್ ಅಂಟಿಸಿದರೆ ತೇವ ಅದರ ತಲೆಯ ಮೇಲೆ ಹತ್ತುತ್ತದೆ ಎಂದರೆ, ಹತ್ತಲಿ ಎಂದು ಕಾದು ಇನ್ನೊಂದು ಸಾಲು ಅಂಟಿಸುತ್ತಿದ್ದರು. ಮೊಣಕಾಲಿನ ಮಟ್ಟದಲ್ಲಿ ಶುರುವಾದ ಟೈಲ್ಸ್ ಕತ್ತಿನವರೆಗೆ ಬಂದ ಮನೆಗಳು ನಮ್ಮ ಕೇರಿಯಲ್ಲೇ ಆರೇಳಿವೆ.

ಮಳೆಗಾಲದ ಒಂದು ಸೋಮವಾರ ತಾಕ್ಕೋ ಕರೆಸಿದಳು. ಅವಳು ಫುಲ್ಬೆ, ಇವನು ಸೆರೇರ್. ಈ ಎರಡು ಕುಲದವರು ಎದುರಾದರೆ ಬೈದಾಡಲೇಬೇಕು, ಮುತ್ತಜ್ಜರ ಕಾಲದಿಂದ ಬಂದ ಹಕ್ಕು ಅದು. ಬೈಸಿಕೊಂಡು ಮುಖ ಊದಿಸಿಕೊಂಡವನನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ.

"ಬಂದ್ಯೇನೋ ನಮ್ಮನೆ ಆಳೇ? ಸರಿಯಾಗಿ ಊಟದ ಹೊತ್ತಿಗೇ ಬರ್ತೀಯಲ್ಲೋ! ಸೆರೇರ್ ಹೊಟ್ಟೆಗೆ ಗಡಿಯಾರವೇ ಬೇಡ ಬಿಡು."

"ದನದ ಬಾಲ ಹಿಡ್ಕೊಂಡು ಅಲೆಯೋರಿಗೆ ಗೋಡೆ ಯಾಕೆ ಬೇಕಿತ್ತಮ್ಮ? ಹುಲ್ಲಿನ ಗುಡಿಸಲಲ್ಲೇ ಇದ್ದಿದ್ರೆ ಈ ಪಾಡು ಬರ್ತಿತ್ತಾ?"

ಒಳಕೋಣೆಯ ಹಿಂದಿನ ಗೋಡೆಯಲ್ಲಿ ಗಾರೆ ಸೊಂಟದೆತ್ತರದವರೆಗೆ ಹಪ್ಪಳದಂತೆ ಎದ್ದಿತ್ತು. ತಾಕ್ಕೋ ಅದಕ್ಕೆ ಕಾರಣವನ್ನು ಆಗಲೇ ಹುಡುಕಿಟ್ಟಿದ್ದಳು. ಗೋಡೆಯ ಆಚೆ ಬದಿ ನೆರೆಮನೆಯ ಮರೇಮಳ ಅಂಗಳ, ಅಲ್ಲಿ ಅವಳು ಬಟ್ಟೆಗೆ ನೀಲಿ ಹಾಕುವ ಬಾನಿಗಳು. ಇಪ್ಪತ್ತು ವರ್ಷ ಆ ಗೋಡೆ ಬಳಸಿಕೊಂಡು ಮೀನನ್ನದ ಬಟ್ಟಲು ಈಚೆಗೆ, ಸಜ್ಜೆಯ ಹಾಲನ್ನ ಆಚೆಗೆ ಹೋಗುತ್ತಿತ್ತು. ಮೂರು ತಿಂಗಳಿಂದ ಇಬ್ಬರ ನಡುವೆ ಮಾತೇ ನಿಂತಿತ್ತು.

"ಶುಕ್ರವಾರ ನಮಾಜಾದ್ಮೇಲೆ ಕೇರಿ ಯಜಮಾನ್ರು ನ್ಯಾಯಕ್ಕೆ ಇಲ್ಲಿಗೇ ಬರ್ತಾರೆ. ಬಾನಿ ನೀರೇ ಗೋಡೆ ತಿಂದಿರೋದು ಅಂತ ನೀನು ಹೇಳ್ಬೇಕು. ಬಾನಿ ಕೀಳಿಸ್ದೆ ಬಿಡಲ್ಲ ನಾನು."

ಆ ಬಾನಿಗಳೇ ಮರೇಮಳ ಅನ್ನ. ಗಂಡ ದೋಣಿಯಲ್ಲಿ ಹೋದವನು ವಾಪಸು ಬಂದಿರಲಿಲ್ಲ.

ಲಾತಿರ್ ಬೆರಳನ್ನು ಗೋಡೆಗೊತ್ತಿ ನಾಲಿಗೆಗೆ ಮುಟ್ಟಿಸಿದ. ಉಪ್ಪು. ಸಮುದ್ರದ ಉಪ್ಪು.

ಇಪ್ಪತ್ತೊಂದರ ಹರೆಯದಲ್ಲಿ ಅವನಿಗೊಂದು ಕುದುರೆ ಗಾಡಿ, ನಾಲ್ಕು ಇಟ್ಟಿಗೆ ಅಚ್ಚುಗಳಿದ್ದವು. ದಡದಿಂದ ಮರಳು ತುಂಬಿ ತಂದು, ತೊಳೆಯದೆ ಹಾಗೇ ಸಿಮೆಂಟಿಗೆ ಬೆರೆಸಿ ಇಟ್ಟಿಗೆ ಒತ್ತುತ್ತಿದ್ದ. ಒಣಗುವ ಮೊದಲು ಪ್ರತಿಯೊಂದರ ಮೂಲೆಗೂ ಹೆಬ್ಬೆರಳು ಒತ್ತುವ ಚಪಲ ಬೇರೆ. ತಾಕ್ಕೋಳ ಗಂಡ ಸಾಂಬಾ, ಈಗಿಲ್ಲ, ಒಳ್ಳೆಯ ಮನುಷ್ಯ, ಈ ಮನೆಗೆ ಇಟ್ಟಿಗೆ ಕೊಳ್ಳುವಾಗ "ಮರಳು ಎಲ್ಲಿಂದ ತಂದ್ಯೋ?" ಎಂದು ಕೇಳಿದ್ದ. "ಒಳನಾಡಿಂದ ಭಾವಾ, ಬೈದಾಡೋ ನಂಟಸ್ತನದಲ್ಲಿ ಮೋಸ ಮಾಡ್ತೀನಾ?" ಎಂದಿದ್ದ ಇವನು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಗೋಡೆಗೂ ಅದೇ ನ್ಯಾಯ. ಒಳಗೆ ಉಪ್ಪಿದ್ದ ಗೋಡೆ ನೆಲದಿಂದಲೂ ಗಾಳಿಯಿಂದಲೂ ನೀರೆಳೆಯುತ್ತಲೇ ಇರುತ್ತದೆ.

"ಏನೋ, ನಾಲಿಗೆ ಕಚ್ಕೊಂಡ್ಯಾ?" ಎಂದಳು ತಾಕ್ಕೋ.

"ಇದು ಮರೇಮಳ ನೀರಲ್ಲ. ನಿನ್ನ ಮನೆ ಹಾಳು ಮಾಡಿದ್ದು ನಾನೇ. ಇಟ್ಟಿಗೆ ನಂದು, ಮರಳು ಸಮುದ್ರದ್ದು."

ತಾಕ್ಕೋ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೆರೇರ್ ಕಳ್ಳರು ಅಂತ ನಮ್ಮಜ್ಜಿ ಹೇಳಿದ್ದು ಸುಳ್ಳಲ್ಲ! ಬಾ, ಉಣ್ಣು ಬಾ, ಕಳ್ಳ."

ಮುಂದೆ ಏನು ಹೇಳಿದರೂ ಅದೂ ತಮಾಷೆಯೇ ಆಗುತ್ತಿತ್ತು. ಬೈಗುಳಕ್ಕೆ ಬೆಲೆಯಿಲ್ಲದ ಕಡೆ ತಪ್ಪೊಪ್ಪಿಗೆಗೆ ಎಲ್ಲಿಂದ ಬರಬೇಕು? ಕೂತು ಉಂಡ, ಹೇಡಿ. ಎರಡು ಸಲ ಬಡಿಸಿಕೊಂಡ.

ಮಂಗಳವಾರ ಒಂದು ಮನೆಯ ಮಾಳಿಗೆಗೆ ಇಳಿಜಾರು ಕೊಡಲು ಹೋಗಿ, ನೀರು ನಡುವೆಯೇ ನಿಲ್ಲುವಂತೆ ಗಾರೆ ಹಾಕಿ ಬಂದ. ಬುಧವಾರ ಅದನ್ನು ಕಿತ್ತ. ವಾಡಿಕೆಯ ಮೂರು ಸುತ್ತು ಚಹಾದಲ್ಲಿ ಮೂರನೆಯದು ಬರುವವರೆಗೂ ಯಾರ ಜೊತೆಯೂ ಕೂರದೆ ಎದ್ದು ಹೋಗುತ್ತಿದ್ದ. ಕಾಲು ತಾನಾಗಿ ಮರೇಮಳ ಬೀದಿಗೆ ತಿರುಗುತ್ತಿತ್ತು. ಅವಳು ಮೊಣಕೈವರೆಗೆ ನೀಲಿಯಾಗಿ ಬಟ್ಟೆ ಹಿಂಡುತ್ತಿದ್ದುದನ್ನು ಕಂಡು ಅಲ್ಲಿಂದಲೂ ಓಡುತ್ತಿದ್ದ. ಮರೇಮಳ ನೀರಲ್ಲ ಎಂದಷ್ಟೇ ಹೇಳಿದರೆ ಸಾಕು, ಯಾರದೆಂದು ಹೇಳುವ ಅಗತ್ಯವೇನಿದೆ ಎಂದು ಗುರುವಾರ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಶುಕ್ರವಾರ ಕೇರಿಯ ಯಜಮಾನರು ಒಳಕೋಣೆಯ ಕುರ್ಚಿಯಲ್ಲಿ ಕೂತರು. ಮರೇಮ್ ಬಾಗಿಲ ಬಳಿ ನಿಂತಳು, ನೀಲಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು.

"ಯಜಮಾನ್ರೇ, ಬಾನಿ ನೀರಾಗಿದ್ರೆ ಗೋಡೆ ನೀಲಿಯಾಗ್ಬೇಕಿತ್ತು," ಎಂದ ಲಾತಿರ್. "ಇಲ್ಲಿ ಕಟ್ಟಿರೋದು ಬಿಳಿ ಪುಡಿ."

"ಬಣ್ಣಕ್ಕೆ ಸೋಡಾ ಹಾಕಲ್ವಾ ಅವಳು? ಅದೇನು ನೀಲಿನಾ?" ಎಂದಳು ತಾಕ್ಕೋ ತಟ್ಟನೆ.

ಯಜಮಾನರು ತಲೆದೂಗಿದರು. "ಹೌದಲ್ಲ. ಸರಿ ಹಂಗಾದ್ರೆ, ಬಾನಿಗಳನ್ನ..."

"ಇಟ್ಟಿಗೆ ನಂದು," ಎಂದ ಲಾತಿರ್.

ತಾಕ್ಕೋ ನಕ್ಕಳು. "ಶುರು ಮಾಡ್ದ ನೋಡಿ, ನಮ್ಮನೆ ಆಳು!" ಯಜಮಾನರೂ ನಕ್ಕರು. ಮರೇಮ್ ನಗಲಿಲ್ಲ.

ಲಾತಿರ್ ಚೀಲದಿಂದ ಉಳಿ, ಸುತ್ತಿಗೆ ತೆಗೆದು, ಗಾರೆ ಕೆತ್ತಿ, ಒಂದು ಇಟ್ಟಿಗೆಯ ಸುತ್ತ ಬಿಡಿಸಿ ಎಳೆದ. ಕಾಲು ಗಂಟೆಯಾಯಿತು. ಒಡೆದ ಅಂಚಿನಲ್ಲಿ ಉಗುರಿನಷ್ಟು ಚಿಪ್ಪು ಹೊಳೆಯುತ್ತಿತ್ತು, ಮೂಲೆಯಲ್ಲಿ ಹೆಬ್ಬೆರಳಿನ ಗುಳಿ. ಅದರೊಳಗೆ ತನ್ನ ಹೆಬ್ಬೆರಳಿಟ್ಟು ತೋರಿಸಿದ. ಅದು ಸರಿಯಾಗಿ ಕೂತಿತು.

"ತಾಕ್ಕೋ ಅಕ್ಕಾ," ಎಂದ. ಇಷ್ಟು ವರ್ಷದಲ್ಲಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ಭಾವ ಕೇಳಿದ್ರು. ನಾನು ಸುಳ್ಳು ಹೇಳ್ದೆ. ಅವರು ನಂಬಿದ್ರು."

ತಾಕ್ಕೋಳ ನಗು ಆರಿಹೋಯಿತು. ಅವಳು ಚಿಪ್ಪನ್ನು ನೋಡಿದಳು, ಬಾಗಿಲ ಬಳಿಯ ಮರೇಮಳನ್ನು ನೋಡಲಾಗದೆ ಮುಖ ತಿರುಗಿಸಿದಳು. ಯಜಮಾನರು ಕೆಮ್ಮಿ ಎದ್ದುಹೋದರು. ಬಾನಿಗಳ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮರುದಿನವೇ ಲಾತಿರ್ ಕೆಲಸಕ್ಕೆ ಬಂದ, ಯಾರೂ ಕರೆಯದೆ. ಸೊಂಟಕ್ಕಿಂತ ಮೂರು ಗೇಣು ಮೇಲಿನವರೆಗೆ ಗಾರೆ ಕಿತ್ತ. ಬಿಳಿ ಪುಡಿಯನ್ನು ಒಣ ಕುಂಚದಲ್ಲೇ ಗುಡಿಸಿ ಹೊರಗೆ ಹಾಕಿದ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಕ್ಕೇ ಹೋಗುತ್ತದೆ. ಮೇಲಿನ ಭಾರಕ್ಕೆ ಮರದ ಆಸರೆ ಕೊಟ್ಟು, ಒಂದು ಸಲಕ್ಕೆ ಎರಡೇ ಇಟ್ಟಿಗೆ ತೆಗೆದು, ಅಡಿಯಲ್ಲಿ ಡಾಂಬರು ಹಾಳೆ ಹಾಸಿ, ಒಳನಾಡಿನ ಮರಳಿನ ಹೊಸ ಇಟ್ಟಿಗೆ ಕೂರಿಸಿದ. ನಾಲ್ಕು ಸಾಲು ಹೀಗೇ. ಆತುರದ ಮನುಷ್ಯ, ಆದರೆ ಗೋಡೆ ಒಣಗುವವರೆಗೆ ಗಾರೆಗೆ ಕೈ ಹಾಕಲಿಲ್ಲ. ಬಂದು ಮುಟ್ಟಿ ನೋಡುವುದು, ಹೋಗುವುದು, ಮತ್ತೆ ಬರುವುದು.

ಅಷ್ಟು ದಿನವೂ ತಾಕ್ಕೋ ಒಂದು ಬೈಗುಳ ಬೈಯಲಿಲ್ಲ. "ಮೇಸ್ತ್ರಿಗಳೇ, ನೀರು ಬೇಕಾ? ಮೇಸ್ತ್ರಿಗಳೇ, ಊಟ ಇಟ್ಟಿದೆ." ಆ ಮರ್ಯಾದೆ ಅವನಿಗೆ ಕೆನ್ನೆಗೆ ಬಾರಿಸಿದಂತೆ ಆಗುತ್ತಿತ್ತು. ಅಷ್ಟು ಇಷ್ಟದ ಮೀನನ್ನವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಒಂದು ಸಲ ಅವನೇ "ದನ ಕಾಯೋರ ಮಗಳೇ" ಎಂದು ಶುರುಮಾಡಿ ನೋಡಿದ. ಅವಳು ಕೇಳಿಸದವಳಂತೆ ಒಳಗೆ ಹೋದಳು.

ಹೊಸ ಗಾರೆ ಒಣಗಿದ ದಿನ ಅವನು ಸಾಮಾನು ಚೀಲಕ್ಕೆ ತುಂಬುತ್ತಿದ್ದ. ತಾಕ್ಕೋ ಕೋಣೆಗೆ ಬಂದಳು. ಹಿಂದೆಯೇ ಮರೇಮ್, ಕೈಯಲ್ಲಿ ಮುಚ್ಚಿದ ಬಟ್ಟಲು. ಆ ಇಬ್ಬರಲ್ಲಿ ಯಾರು ಮೊದಲು ಮಾತಾಡಿದರೋ ಅವನಿಗೆ ತಿಳಿಯಲೇ ಇಲ್ಲ.

ತಾಕ್ಕೋ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಸ ಗಾರೆಗೆ ಬೆರಳೊತ್ತಿ, ಥೇಟ್ ಅವನಂತೆಯೇ ನಾಲಿಗೆಗೆ ಮುಟ್ಟಿಸಿಕೊಂಡಳು. ಲಾತಿರ್ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು. ಅವಳು ಚಪ್ಪರಿಸಿ, ಮತ್ತೊಮ್ಮೆ ಚಪ್ಪರಿಸಿ, ಮುಖ ಸಿಂಡರಿಸಿದಳು.

"ಥೂ, ಸಪ್ಪೆ! ಒಂದು ಹರಳು ಉಪ್ಪಿಲ್ಲ. ಸೆರೇರ್ ಅಡುಗೆನೇ ಇದು, ಅನುಮಾನವೇ ಇಲ್ಲ. ಏನೋ ನಿಂತ್ಕೊಂಡು ನೋಡ್ತೀಯಾ, ಆಳೇ? ಕೈ ತೊಳ್ಕೊಂಡು ಬಾ ಊಟಕ್ಕೆ."

ಲಾತಿರ್ ಕೈ ತೊಳೆಯಲು ಹೊರಗೆ ಹೋದ. ಹೊಸ ಗೋಡೆಯ ಈ ಕಡೆ ಇಬ್ಬರು ಹೆಂಗಸರೂ ಊಟಕ್ಕೆ ಕಾದರು. ಅವನು ಅಳುವುದು ಮುಗಿಯಲು ತುಸು ಹೊತ್ತು ಹಿಡಿಯಿತು.